ಟ್ರ್ಯಾಕ್ ಹಾಡಿದವಳು

ಜನವರಿ 9

ಮೆಣಸು ಅವರಿಗೆ,

ಈ ಹೆಸರಿನಿಂದ ನಿಮ್ಮನ್ನು ಕರೆಯುವವರು ಈಗ ಯಾರೂ ಉಳಿದಿರಲಿಕ್ಕಿಲ್ಲ. ಕೈಬರಹ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಲಕೋಟೆ ಒಡೆಯದೆ ಎಸೆದಿಲ್ಲವೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವರು ನಮ್ಮ ಹಳೆಯ ಸೌಂಡ್ ಇಂಜಿನಿಯರ್ ಅಣ್ಣ. ನಿಮ್ಮ ಯಜಮಾನರು ಹೋಗಿ ಆರು ವರ್ಷವಾಯಿತೆಂದೂ ಅವರೇ ಹೇಳಿದರು. ಆಗಲೇ ಎರಡು ಸಾಲು ಬರೆಯಬೇಕಿತ್ತು, ಬರೆಯಲಿಲ್ಲ.

ಇಪ್ಪತ್ತೆಂಟು ವರ್ಷ ಸುಮ್ಮನಿದ್ದವನು ಈಗ ಯಾಕೆ ಎಂದರೆ, ಒಂದು ಸಿನಿಮಾ. ವಯಸ್ಸಾದ ಸಂಗೀತ ನಿರ್ದೇಶಕನೊಬ್ಬ ತಾನು ಕಳೆದುಕೊಂಡ ಹುಡುಗಿಯನ್ನು ಹುಡುಕಿಕೊಂಡು ಹೋಗುವ ಕಥೆ. ಕಥೆ ಎಲ್ಲಿಂದ ಬಂತೆಂದು ನೀವು ಕೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟೆ. ನಿರ್ದೇಶಕ ನನ್ನ ಅರ್ಧ ವಯಸ್ಸಿನವನು, ಕೈ ತೊಳೆಯುವುದನ್ನೂ ಮರೆತು ಕೇಳಿದ. ಟ್ರ್ಯಾಕ್ ಹಾಡುವುದೆಂದರೇನೆಂದು ಅವನಿಗೆ ವಿವರಿಸಬೇಕಾಯಿತು. ದೊಡ್ಡ ಗಾಯಕಿ ಬಿಡುವು ಮಾಡಿಕೊಂಡು ಬರುವವರೆಗೆ ವಾದ್ಯದವರಿಗೆ ಅಂದಾಜು ಸಿಗಲಿ ಅಂತ ಬೇರೊಬ್ಬಳು ಪೂರ್ತಿ ಹಾಡು ಹಾಡಿಕೊಡುತ್ತಿದ್ದಳು, ದೊಡ್ಡವರು ಬಂದು ಹಾಡಿದ ದಿನ ಇವಳ ದನಿ ಅಳಿಸುತ್ತಿದ್ದೆವು ಎಂದೆ. "ಅಳಿಸೋದಾ? ಒಂದು ಪ್ರತಿನೂ ಇಟ್ಕೊಳ್ತಿರ್ಲಿಲ್ವಾ?" ಎಂದ. ಅದೇ ಟೇಪಿನ ಮೇಲೆ ಅವರದ್ದು ಕೂರಿಸುತ್ತಿದ್ದೆವು, ಅದೇ ಪದ್ಧತಿ ಎಂದೆ.

ನಮ್ಮ ಆ ಹಾಡಿನಲ್ಲಿ ನಿಮ್ಮ ದನಿಯನ್ನೇ ಉಳಿಸುತ್ತೇನೆಂದು ಮಾತು ಕೊಟ್ಟಿದ್ದೆ. ನಿರ್ಮಾಪಕರು ಬಿಡಲಿಲ್ಲ. ಹಾಡು ಹೊರಗೆ ಬಂದ ಮೇಲೆ ನಿಮ್ಮ ತಂದೆಯ ಹತ್ತಿರ ಮಾತಾಡುತ್ತೇನೆಂದೂ ಹೇಳಿದ್ದೆ. ನಾನು ಬರುವಷ್ಟರಲ್ಲಿ ನಿಮಗೆ ಬೇರೆ ಕಡೆ ಮದುವೆ ಗೊತ್ತಾಗಿತ್ತು. ಯಾಕೆಂದು ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೂ ಮದುವೆಯಾಯಿತು, ಎಂಟು ವರ್ಷಕ್ಕೆ ಮುಗಿದೂ ಹೋಯಿತು.

ಕೇಳಬೇಕೆಂದಿರುವುದು ಇಷ್ಟು. ಸಿನಿಮಾದ ಕೊನೆಗೆ ಅದೇ ಹಾಡು ಬರುತ್ತದೆ. ಅದನ್ನು ನೀವು ಹಾಡಬೇಕು. ಈ ಸಲ ನಿಮ್ಮ ದನಿಯೇ ಇರುತ್ತದೆ, ನಿಮ್ಮ ಹೆಸರೇ ಇರುತ್ತದೆ. ಚಿತ್ರಕಥೆಯ ಪ್ರತಿ ಜೊತೆಗಿದೆ. ಓದಿ ಹೇಳಿ.

ಉತ್ತರಕ್ಕೆ ಕಾಯುವ,
ಮೇಷ್ಟ್ರು


ಜನವರಿ 24

ಮೇಷ್ಟ್ರಿಗೆ,

ಲಕೋಟೆ ಎಸೆದಿದ್ದೆ. ಮಗಳು ಹೆಕ್ಕಿ ತಂದು ಮೇಜಿನ ಮೇಲಿಟ್ಟು, "ಅಮ್ಮ, ಇದನ್ನ ಓದೋವರೆಗೂ ನೀನು ಪಾತ್ರೆ ಕುಕ್ಕೋದು ನಿಲ್ಸಲ್ಲ, ಓದಿಬಿಡು" ಎಂದಳು. ಓದಿದೆ.

ನೀವು, ನಿಮ್ಮ ಎಂದೆಲ್ಲ ಬರೆದಿದ್ದೀರಿ. ಹಿಂದೆಯೂ ಏನಾದರೂ ಕೆಲಸ ಆಗಬೇಕಿದ್ದಾಗಲೇ ನಿಮಗೆ ಇಷ್ಟು ಮರ್ಯಾದೆ ನೆನಪಾಗುತ್ತಿದ್ದದ್ದು. ನೀನು ಎಂದೇ ಬರೆಯಿರಿ.

ನನ್ನ ಕೆಲಸ ಏನೆಂದು ಇಂಜಿನಿಯರ್ ಅಣ್ಣ ಹೇಳಿದರೋ ಇಲ್ಲವೋ. ಇಪ್ಪತ್ತೊಂದು ವರ್ಷದಿಂದ ರೈಲು ನಿಲ್ದಾಣದ ಪ್ರಕಟಣೆ ನನ್ನದು. ನಮ್ಮವರು ಅಲ್ಲೇ ವೇಳಾಪಟ್ಟಿ ವಿಭಾಗದಲ್ಲಿ ಗುಮಾಸ್ತರಾಗಿದ್ದರು. ನೀವೂ ಎಷ್ಟೋ ಸಲ ನನ್ನ ಮಾತು ಕೇಳಿ ಬ್ಯಾಗು ಎತ್ತಿಕೊಂಡು ಮೂರನೇ ಪ್ಲಾಟ್‌ಫಾರ್ಮಿಗೆ ಓಡಿರುತ್ತೀರಿ. ಯಾರೋ ತಡ ಮಾಡುತ್ತಾರೆ, 'ವಿಷಾದಿಸುತ್ತೇವೆ' ಎಂದು ದಿನಕ್ಕೆ ನಲವತ್ತು ಸಲ ಹೇಳುವವಳು ನಾನು. ಅಭ್ಯಾಸವಾಗಿದೆ.

ನೀವು ಕೇಳಿರುವ ದನಿಯ ಕಥೆ ಹೀಗಿದೆ. ಗಂಟಲಲ್ಲಿ ಗಂಟು ಬೆಳೆದಿದೆ. ಒಳ್ಳೆಯ ಗಂಟಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದಾರೆ. ಮಾರ್ಚ್ 20ಕ್ಕೆ ದಿನ ಕೊಟ್ಟಿದ್ದಾರೆ. ಆಮೇಲೆ ಹಾಡೂ ಇಲ್ಲ, ಮಾತೂ ಇಲ್ಲ. ನೀವು ಯಾವಾಗಲೂ ಹೀಗೇ, ಅರ್ಧ ತಾಳ ತಡ.

ದಯವಿಟ್ಟು ಫೋನ್ ಮಾಡಬೇಡಿ. ಮಾತು ಕಡಿಮೆ ಮಾಡಿ ಎಂದಿದ್ದಾರೆ. ಉಳಿದಿರುವ ಮಾತನ್ನು ಮಗಳಿಗೆಂದು ಇಟ್ಟುಕೊಂಡಿದ್ದೇನೆ.

ಮುಚ್ಚುಮರೆ ಯಾಕೆ, ಹಾಡಬೇಕೆಂಬ ಆಸೆ ನನಗಿದೆ. ನಾನು ಹಾಡಿದ್ದು ಒಂದೂ ಉಳಿದಿಲ್ಲ. ಐದು ವರ್ಷದಲ್ಲಿ ನೂರಕ್ಕೂ ಹೆಚ್ಚು ಹಾಡು ಹಾಡಿದೆ, ಎಲ್ಲದರ ಮೇಲೂ ಬೇರೆಯವರು ಕೂತಿದ್ದಾರೆ. ಮಗಳಿಗೆ ಅಮ್ಮನ ಹಾಡು ಎಂದರೇನೆಂದು ಗೊತ್ತಿಲ್ಲ. ಮೇಲಿನ ಸ್ವರಗಳು ಹೋಗಿವೆ, ಕೆಳಗೆ ಇನ್ನೂ ಸ್ವಲ್ಪ ಬಾಕಿ ಇದೆ. ಅದು ಹೋಗುವ ಮೊದಲು ಒಂದು ಸಲ ಪೂರ್ತಿಯಾಗಿ ಹಾಡಬೇಕು, ಅದು ಎಲ್ಲಾದರೂ ಉಳಿಯಬೇಕು.

ಬರುತ್ತೇನೆ. ಆದರೆ ಚಿತ್ರಕಥೆಯ ಅರವತ್ತೊಂದನೇ ಪುಟದಲ್ಲಿ, ನಿರ್ಮಾಪಕ ಮೇಜು ಕುಟ್ಟಿ ಹುಡುಗಿಯ ದನಿ ತೆಗೆಸುತ್ತಾನೆ. ಅದಾದ ಮೇಲೆ ಆ ಹುಡುಗಿ ಸುಖ ಹುಡುಕಿಕೊಂಡು ಸ್ಥಿತಿವಂತರ ಮನೆ ಸೇರುತ್ತಾಳೆ. ನಡೆದದ್ದು ಹಾಗಲ್ಲ. ಅದನ್ನು ನಡೆದಂತೆ ಬರೆಸಿ. ಬರುತ್ತೇನೆ.

ಇಂತು,
ಮೆಣಸು


ಫೆಬ್ರವರಿ 2

ಮೆಣಸು,

ನಿನ್ನ ಕಾಗದ ಓದಿದೆ. ಗಂಟಲಿನ ದೊಡ್ಡ ವೈದ್ಯರೊಬ್ಬರು ನನಗೆ ಪರಿಚಯ. ಇನ್ನೊಂದು ಸಲ ತೋರಿಸೋಣ. ಈಗ ಏನೇನೋ ಚಿಕಿತ್ಸೆ ಬಂದಿದೆಯಂತೆ. ಹೂಂ ಎಂದರೆ ನಾಳೆಯೇ ಏರ್ಪಾಡು ಮಾಡುತ್ತೇನೆ.

ರೆಕಾರ್ಡಿಂಗ್ ಥಿಯೇಟರ್ ಮಾರ್ಚ್ 14ಕ್ಕೆ ಗೊತ್ತು ಮಾಡಿದ್ದೇನೆ. ಇಂಜಿನಿಯರ್ ಅಣ್ಣನೇ ಕೂರುತ್ತಾರೆ. ಎಪ್ಪತ್ತು ದಾಟಿದೆ, "ಮೆಣಸಿಗಾದ್ರೆ ಬರ್ತೀನಿ, ಬೇರೆಯವ್ರಿಗೆ ನನ್ ಮಂಡಿ ಏಳಲ್ಲ" ಎಂದರು. ಹಾಡನ್ನು ಮೂರು ಸ್ವರ ಕೆಳಗಿಳಿಸಿ ಬರೆದಿದ್ದೇನೆ. ಆರು ಪಿಟೀಲು, ಒಂದು ಕೊಳಲು, ಅಷ್ಟೇ. ದನಿಗೆ ಅಡ್ಡ ಬರುವಂಥದ್ದು ಏನೂ ಇಡುವುದಿಲ್ಲ.

ಆ ಪುಟದ ವಿಷಯ. ಚಿತ್ರಕಥೆ ನಿರ್ದೇಶಕನದು, ನನ್ನ ಕೈಯಲ್ಲಿಲ್ಲ. ಆ ದೃಶ್ಯದ ಚಿತ್ರೀಕರಣವೂ ಮುಗಿದಿದೆ. ಹುಡುಗಿಯ ಮದುವೆಯ ಭಾಗವನ್ನು ಸ್ವಲ್ಪ ಮೆದುಮಾಡಲು ಹೇಳುತ್ತೇನೆ. ಆಗಿನ ನಿರ್ಮಾಪಕರು ತೀರಿಕೊಂಡು ಹತ್ತು ವರ್ಷವಾಯಿತು, ಅವರ ಕಡೆಯವರೂ ಯಾರೂ ಕೇಳುವುದಿಲ್ಲ. ಮುಗಿದುಹೋದದ್ದನ್ನು ಕೆದಕಿ ಏನು ಬರಬೇಕಾಗಿದೆ? ಹಾಗಿದ್ದೂ ಏನನ್ನು ಹೇಗೆ ತಿದ್ದಬೇಕೆಂದು ನೀನು ಬಿಡಿಸಿ ಹೇಳಿದರೆ ನೋಡೋಣ.

ಈಗ ಮುಖ್ಯವಾದದ್ದು ಹಾಡು. ಗಂಟಲು ಜೋಪಾನ.

ನಿನ್ನ,
ಮೇಷ್ಟ್ರು


ಫೆಬ್ರವರಿ 15

ಮೇಷ್ಟ್ರೇ,

ವೈದ್ಯರ ವಿಷಯ ಬಿಡಿ, ಮೂವರಿಗೆ ತೋರಿಸಿ ಆಗಿದೆ. ಮೂವರೂ ಅದನ್ನೇ ಹೇಳಿದರು. ನಿನ್ನೆಯ ತಪಾಸಣೆಯಲ್ಲಿ ಗಂಟು ಇನ್ನೂ ದೊಡ್ಡದಾಗಿದೆಯಂತೆ, ದಿನ ಹಿಂದಕ್ಕೆ ತಂದಿದ್ದಾರೆ. ಮಾರ್ಚ್ 12ಕ್ಕೆ. ನಿಮ್ಮ 14 ನನ್ನ ಪಾಲಿಗೆ ಇಲ್ಲ.

ಬಿಡಿಸಿ ಹೇಳು ಎಂದಿರಿ. ನೀವೇ ಹೇಳುತ್ತೀರೆಂದು ಇಪ್ಪತ್ತೆಂಟು ವರ್ಷ ಕಾದೆ. ಇನ್ನು ಕಾಯಲು ದಿನಗಳಿಲ್ಲ, ಆದ್ದರಿಂದ ಹೇಳುತ್ತೇನೆ.

ಆ ದಿನ ನಾಲ್ಕನೇ ಟೇಕ್ ಆದ ಮೇಲೆ ನೀವೆಲ್ಲ ಗಾಜಿನ ಆಚೆ ಕಂಟ್ರೋಲ್ ರೂಮಿನಲ್ಲಿದ್ದಿರಿ. ನಾನು ಈಚೆ ಹಾಡುವ ಕೋಣೆಯಲ್ಲಿ, ಹೆಡ್‌ಫೋನ್ ಹಾಕಿಕೊಂಡೇ ಸ್ಟೂಲಿನ ಮೇಲೆ ಕೂತಿದ್ದೆ. ನನಗೆ ಏನಾದರೂ ಹೇಳಬೇಕಾದಾಗ ನೀವು ಒತ್ತುತ್ತಿದ್ದಿರಲ್ಲ, ಆ ಟಾಕ್‌ಬ್ಯಾಕ್ ಗುಂಡಿ, ಅದನ್ನು ಒತ್ತಿ ಬಿಡುವುದನ್ನು ಮರೆತಿದ್ದಿರಿ. ನಿಮ್ಮ ಮಾತೆಲ್ಲ ನನ್ನ ಕಿವಿಗೇ ಬರುತ್ತಿತ್ತು.

ನಿರ್ಮಾಪಕರು, "ಮೇಷ್ಟ್ರೇ, ಈ ಹುಡುಗಿದೇ ಇರ್ಲಿ ಬಿಡಿ, ನನಗೆ ಕಣ್ಣಲ್ಲಿ ನೀರು ಬಂತು" ಎಂದರು.

ನೀವು, "ಬೇಡ ಸಾರ್. ಹೆಸರಿಲ್ಲದ ದನಿ, ಹಾಡು ಓಡಲ್ಲ. ಆಯಮ್ಮನ್ನೇ ಕರ್ಸೋಣ" ಎಂದಿರಿ.

"ಹುಡುಗಿಗೆ ಮಾತು ಕೊಟ್ಟಿದ್ದೀರಂತೆ?"

"ಅವಳಿಗೆ ನಾನು ಹೇಳ್ಕೋತೀನಿ. ನೀವು ಒಪ್ಪಲಿಲ್ಲ ಅಂತೀನಿ. ನೀವೇನೂ ಅಂದ್ಕೋಬೇಡಿ."

ಆಮೇಲೆ ನೀವು ಬಾಗಿಲು ತೆಗೆದುಕೊಂಡು ಬಂದಿರಿ. ಕಣ್ಣು ಒದ್ದೆಯಾಗಿತ್ತು. "ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಕಣೆ" ಎಂದಿರಿ. ನಾನು ಹೆಡ್‌ಫೋನ್ ತೆಗೆದು ಮೊಳೆಗೆ ನೇತುಹಾಕಿ, "ಹೋಗ್ಲಿ ಬಿಡಿ" ಎಂದೆ. ನೀವು ಟೀ ತರಿಸಿದಿರಿ, ಕುಡಿದೆ. ಮನೆಗೆ ಹೋಗಿ, ಅಪ್ಪ ನೋಡಿದ್ದ ಹುಡುಗನಿಗೆ ಹೂಂ ಎಂದೆ. ನೀವು ಬರೆಸಿದ ಆ ಸ್ಥಿತಿವಂತರಿಗೆ ಮದುವೆಯಲ್ಲಿ ಇದ್ದದ್ದು ಎರಡು ಷರ್ಟು.

ದನಿ ತೆಗೆದದ್ದಕ್ಕಲ್ಲ ಮೇಷ್ಟ್ರೇ. ನನ್ನ ಮುಖ ನೋಡಿ, "ಈ ಸಲ ಬೇಡ, ನನಗೆ ಧೈರ್ಯ ಸಾಲ್ತಿಲ್ಲ" ಎಂದಿದ್ದರೆ ಒಪ್ಪುತ್ತಿದ್ದೆ. ನಿಮ್ಮನ್ನು ಅಷ್ಟು ಪ್ರೀತಿಸುತ್ತಿದ್ದೆ. ಈಗ ಸಿನಿಮಾದಲ್ಲೂ ಸತ್ತವರ ಮೇಲೆ ಗೂಬೆ ಕೂರಿಸಿದ್ದೀರಿ. ಆ ಮನುಷ್ಯ ನನ್ನ ಹಾಡಿಗೆ ಅತ್ತವರು.

ಹನ್ನೊಂದರ ಸಂಜೆಯವರೆಗೆ ನನಗೆ ದನಿ ಇರುತ್ತದೆ. ನಿರ್ದೇಶಕರಿಗೆ ನೀವೇ ಹೇಳಿ. ಹೇಳಿದ ದಿನ ಬರೆಯಿರಿ.

ಮೆಣಸು


ಮಾರ್ಚ್ 8

ಮೆಣಸು,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಇಂಜಿನಿಯರ್ ಅಣ್ಣ ಕೈಯಲ್ಲೇ ತಂದುಕೊಡುತ್ತಾರೆ.

ಮೂರು ವಾರ ಏನು ಮಾಡುತ್ತಿದ್ದೆ ಎಂದು ಕೇಳುತ್ತೀಯ. ಮೊದಲನೇ ವಾರ ನಿನಗೆ ಉತ್ತರ ಬರೆದೆ. ಅಂದು ನಿನ್ನ ಕಿವಿಗೆ ಬಿದ್ದದ್ದು ತಪ್ಪು, ಹಾಗಲ್ಲ ಹೀಗೆ ಎಂದು ನಾಲ್ಕು ಪುಟ. ಓದಿದರೆ ನನಗೇ ನಾಚಿಕೆಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಹರಿದೆ. ಆಮೇಲಿನ ಎರಡು ವಾರ ಜ್ವರ ಎಂದು ಹೇಳಿ ಮನೆಯಲ್ಲಿ ಕೂತೆ. ಜ್ವರವೇನೂ ಇರಲಿಲ್ಲ.

ಹೌದು, ನಾನೇ ತೆಗೆಸಿದೆ. ನಿನ್ನ ದನಿಯಲ್ಲಿ ನನಗೆ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ನನ್ನ ರಾಗದ ಮೇಲೆ. ದೊಡ್ಡ ಹೆಸರಿನ ಆಸರೆ ಇಲ್ಲದೆ ಅದು ನಿಲ್ಲುವುದಿಲ್ಲವೆಂದು ಹೆದರಿದೆ. ಆ ಹೆದರಿಕೆಯನ್ನು ನಿನ್ನ ಮುಂದೆ ಹೇಳಿಕೊಳ್ಳಲು ಇನ್ನೂ ಹೆಚ್ಚು ಹೆದರಿದೆ. ನೀನು ನನ್ನನ್ನು ದೊಡ್ಡವನೆಂದು ತಿಳಿದಿದ್ದೆ. ಹಾಗೇ ತಿಳಿದಿರಲಿ ಎಂದು ಒಬ್ಬ ಒಳ್ಳೆಯ ಮನುಷ್ಯನನ್ನು ಕೆಟ್ಟವನನ್ನಾಗಿ ಮಾಡಿದೆ. ಹೇಳುತ್ತಾ ಹೇಳುತ್ತಾ ನಾನೂ ಅದನ್ನೇ ನಂಬಿಬಿಟ್ಟಿದ್ದೆ.

ಇವತ್ತು ಬೆಳಿಗ್ಗೆ ನಿರ್ದೇಶಕನಿಗೆ ಹೇಳಿದೆ. ಸಂಕಲನದ ಕೋಣೆಯಲ್ಲಿ ಇನ್ನೂ ನಾಲ್ಕು ಜನ ಇದ್ದರು, ಅವರ ಎದುರಿಗೇ ಹೇಳಿದೆ. ನನ್ನ ಮಾನ ಹೋಯಿತೆಂದುಕೊಂಡು ತಲೆ ತಗ್ಗಿಸಿ ನಿಂತಿದ್ದರೆ, ಅವನು ಕುರ್ಚಿಯಿಂದ ಎದ್ದುಬಿಟ್ಟ. "ಸಾರ್, ಇದನ್ನ ಮೊದಲೇ ಹೇಳ್ಬಾರ್ದಿತ್ತಾ? ಕಥೆಗೆ ಇದೇ ಕಮ್ಮಿಯಾಗಿತ್ತು" ಎಂದು ಬರೆದುಕೊಳ್ಳತೊಡಗಿದ. ಆ ಗುಂಡಿ ಯಾವ ಬಣ್ಣದ್ದು ಎಂದೂ ಕೇಳಿದ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟು ಬೇಯಿಸಿದ್ದು ಅವನಿಗೆ ಒಂದು ಒಳ್ಳೆಯ ದೃಶ್ಯವಾಯಿತು. ಮುಂದಿನ ತಿಂಗಳು ಆ ಭಾಗವನ್ನು ಮತ್ತೆ ತೆಗೆಯುತ್ತಾರೆ.

ಹತ್ತು ಮತ್ತು ಹನ್ನೊಂದು, ಎರಡೂ ದಿನ ಥಿಯೇಟರ್ ನಿನ್ನದು. ಯಾವ ಹೊತ್ತಿಗಾದರೂ ಬಾ. ಬೇಡವೆಂದರೆ ನಾನು ಒಳಗೆ ಬರುವುದಿಲ್ಲ, ಮೆಟ್ಟಿಲ ಮೇಲೆ ಕೂತಿರುತ್ತೇನೆ. ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ. ಬಾ, ಹಾಡು, ಅಷ್ಟೇ.

ತಪ್ಪಿತಸ್ಥ,
ಮೇಷ್ಟ್ರು


ಮಾರ್ಚ್ 11, ಸಂಜೆ

ಮೆಣಸು,

ಪಿಟೀಲಿನವರು ಎರಡು ದಿನವೂ ಶ್ರುತಿ ಮಾಡಿಕೊಂಡು ಕೂತಿದ್ದರು. ಈಗಷ್ಟೇ ಅವರನ್ನು ಮನೆಗೆ ಕಳಿಸಿದೆ. ಅಣ್ಣ ಯಂತ್ರಗಳಿಗೆ ಬಟ್ಟೆ ಹೊದಿಸಿದರು. ನನ್ನ ಕಾಗದ ನಿನ್ನ ಕೈಗೇ ಕೊಟ್ಟೆ ಎನ್ನುತ್ತಾರೆ. ಓದಿದ ಮೇಲೂ ನೀನು ಬರಲಿಲ್ಲವೆಂದರೆ ಅದಕ್ಕೆ ಕಾರಣ ಇರುತ್ತದೆ.

ನಾಳೆ ಆಸ್ಪತ್ರೆಗೆ ಬರಬೇಕೆನ್ನಿಸುತ್ತಿದೆ. ಬರುವುದಿಲ್ಲ. ನೀನು ಬದುಕಿ ಬಾ. ಬೇರೆ ಏನನ್ನೂ ಕೇಳುವುದಿಲ್ಲ.

ಮೇಷ್ಟ್ರು


ಏಪ್ರಿಲ್ 19

ಮೇಷ್ಟ್ರಿಗೆ,

ಬದುಕಿ ಬಂದಿದ್ದೇನೆ. ಕತ್ತಿನಲ್ಲಿ ಒಂದು ತೂತು, ಉಸಿರಾಟ ಅಲ್ಲಿಂದಲೇ. ಮಾತೆಲ್ಲ ಸ್ಲೇಟಿನ ಮೇಲೆ. ಮಗಳ ಜೊತೆ ಜಗಳವಾಡುವುದು ಕಷ್ಟವಾಗಿದೆ, ನಾನು ಬರೆದು ಮುಗಿಸುವಷ್ಟರಲ್ಲಿ ಅವಳ ಸಿಟ್ಟು ಇಳಿದಿರುತ್ತದೆ.

ನಿಮ್ಮ ಕಾಗದ ಒಂಬತ್ತರಂದೇ ಸಿಕ್ಕಿತು. ಎರಡು ಸಲ ಓದಿದೆ. ನಂಬಿದೆ. ಹತ್ತರ ಬೆಳಿಗ್ಗೆ ಸೀರೆ ಉಟ್ಟು, ಫ್ಲಾಸ್ಕಿಗೆ ಬಿಸಿನೀರು ತುಂಬಿಕೊಂಡು, ಚಪ್ಪಲಿಯನ್ನೂ ಮೆಟ್ಟಿದ್ದೆ. ಬಾಗಿಲಲ್ಲೇ ನಿಂತುಬಿಟ್ಟೆ. ಮತ್ತೆ ಗಾಜಿನ ಈಚೆ ಕೂರಬೇಕು, ಹಾಡಿ ಮುಗಿಸಿ ಆಚೆಯವರ ತುಟಿ ನೋಡಬೇಕು. ನೀವು ಈ ಸಲ ಸುಳ್ಳು ಹೇಳುವುದಿಲ್ಲ, ಅದು ಗೊತ್ತು. ಆದರೂ ನಾನು ಕಿವಿಗೊಟ್ಟೇ ಕೂತಿರುತ್ತಿದ್ದೆ. ಕಿವಿಗೊಟ್ಟುಕೊಂಡು ಹಾಡಲು ಬರುವುದಿಲ್ಲ. ನಿಮ್ಮ ನಿರ್ದೇಶಕರಿಗೆ ನನ್ನ ಹಾಡೂ ಒಂದು ಒಳ್ಳೆಯ ದೃಶ್ಯವಾಗುತ್ತಿತ್ತು. ಅದೂ ಬೇಡವೆನಿಸಿತು.

ಇಡೀ ದಿನ ಚಪ್ಪಲಿ ಮೆಟ್ಟಿಕೊಂಡೇ ಮನೆಯೊಳಗೆ ಓಡಾಡಿದೆ. ಮಗಳು ಏನಾಯಿತೆಂದು ಕೇಳಿದಳು. ನಿಮ್ಮ ಕಾಗದಗಳನ್ನೆಲ್ಲ ಅವಳ ಕೈಗಿಟ್ಟೆ. ಓದಿ, "ಅಪ್ಪಂಗೆ ಇದು ಗೊತ್ತಿತ್ತಾ?" ಎಂದಳು. ಗೊತ್ತಿರಲಿಲ್ಲ. ನಾನು ಹಾಡುತ್ತಿದ್ದೆನೆಂಬುದು ಮಾತ್ರ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಆಗಾಗ, "ಒಂದು ಹಾಡೇ, ನಾನೊಬ್ಬನೇ ಇದ್ದೀನಿ" ಎನ್ನುತ್ತಿದ್ದರು. ಗಂಟಲು ಸರಿಯಿಲ್ಲ ಎನ್ನುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟರು. ಆಗ ನನ್ನ ಗಂಟಲು ಚೆನ್ನಾಗೇ ಇತ್ತು ಮೇಷ್ಟ್ರೇ. ನೀವು ಅಳಿಸಿದ್ದು ಒಂದು ಹಾಡು. ಆಮೇಲೆ ಹಾಡಬಹುದಾಗಿದ್ದದ್ದನ್ನೆಲ್ಲ ನಿಮ್ಮ ಮೇಲಿನ ಸಿಟ್ಟಿಗೆ ನಾನೇ ಅಳಿಸಿದೆ. ಅದನ್ನು ಕೇಳಬೇಕಾದವರು ಈಗಿಲ್ಲ. ಇಷ್ಟು ದಿನ ನಿಮ್ಮನ್ನು ನಿಲ್ಲಿಸಿ ಕೇಳಿದ ಪ್ರಶ್ನೆಗಳನ್ನು ಆ ಸಂಜೆ ನನಗೇ ಕೇಳಿಕೊಂಡೆ.

ಹನ್ನೊಂದರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ನಿಲ್ದಾಣಕ್ಕೆ ಹೋದೆ. ನಮ್ಮ ಪ್ರಕಟಣೆಯ ಕೋಣೆ ಎಂದರೆ ಒಂದು ಮೇಜು, ಒಂದು ಮೈಕು, ಎರಡು ಕುರ್ಚಿ. ಗಾಜೂ ಇಲ್ಲ, ಆಚೆಯೂ ಇಲ್ಲ. ಯಂತ್ರ ನೋಡಿಕೊಳ್ಳುವವರು ನಿವೃತ್ತಿಗೆ ಬಂದ ಮನುಷ್ಯ. "ಎರಡು ರೈಲಿನ ಮಧ್ಯೆ ಒಂಬತ್ತು ನಿಮಿಷ ಬಿಡುವಿದೆ ಅಕ್ಕ, ಅಷ್ಟರಲ್ಲಿ ಮುಗಿಸ್ಕೊಳ್ಳಿ" ಎಂದು ರೆಕಾರ್ಡಿಂಗ್ ಗುಂಡಿ ಒತ್ತಿದರು. ಕಸ ಗುಡಿಸುವಾಕೆ ಪೊರಕೆ ಹಿಡಿದು ಅಲ್ಲೇ ನಿಂತಳು, ಹೋಗು ಎಂದು ಯಾರೂ ಹೇಳಲಿಲ್ಲ.

ನಿಮ್ಮ ಹಾಡನ್ನೇ ಹಾಡಿದೆ, ಹಳೆಯ ಮಾತುಗಳಲ್ಲೇ. ಒಂದೂ ಮರೆತಿರಲಿಲ್ಲ. ರಾಗ ಚೆನ್ನಾಗಿದೆ, ಅದನ್ನು ನಿಮಗೆ ಹೇಳಲೇಬೇಕು. ಯಾರ ಆಸರೆಯೂ ಇಲ್ಲದೆ ಚೆನ್ನಾಗಿ ನಿಲ್ಲುತ್ತದೆ, ನೀವು ಸುಮ್ಮನೆ ಹೆದರಿದಿರಿ. ಚರಣದಲ್ಲಿ ಮೇಲಕ್ಕೆ ಹೋಗುವ ಕಡೆ ದನಿ ಒಡೆಯಿತು. ನಿಲ್ಲಿಸಲಿಲ್ಲ, ಒಡೆದ ದನಿಯಲ್ಲೇ ಮುಂದೆ ಹೋದೆ.

ಆ ರೆಕಾರ್ಡಿಂಗು ಮಗಳ ಹತ್ತಿರ ಇದೆ. ನಿಮಗೆ ಕಳಿಸುವುದಿಲ್ಲ. ಇದು ಸಿಟ್ಟಿನ ಮಾತಲ್ಲ, ಸಿಟ್ಟು ಯಾವಾಗ ಹೋಯಿತೋ ನನಗೇ ತಿಳಿಯಲಿಲ್ಲ. ನಿಮ್ಮ ಕೈಗೆ ಬಂದರೆ ಆ ಒಡಕನ್ನು ಸರಿಮಾಡದೆ ನಿಮಗೆ ನಿದ್ದೆ ಬರುವುದಿಲ್ಲ. ನಿಮ್ಮ ಸ್ವಭಾವವೇ ಹಾಗೆ. ಅದು ಹಾಗೇ ಇರಲಿ. ನಿಮ್ಮ ಸಿನಿಮಾದ ಹಾಡಿಗೆ ಈಗ ಟ್ರ್ಯಾಕ್ ಹಾಡುತ್ತಿರುವವಳು ಯಾರೋ ಇದ್ದೇ ಇರುತ್ತಾಳೆ, ಅವಳ ದನಿಯನ್ನೇ ಉಳಿಸಿ. ಉಳಿಸಲು ಧೈರ್ಯ ಸಾಲದಿದ್ದರೆ ಅವಳ ಮುಖ ನೋಡಿ ಹೇಳಿ.

ಮುಗಿದ ಮೇಲೆ ಯಂತ್ರದವರು ಕನ್ನಡಕ ಒರೆಸಿಕೊಂಡರು, ರೈಲಿನ ಹೊತ್ತಾಯಿತೆಂದು ರೆಕಾರ್ಡಿಂಗ್ ನಿಲ್ಲಿಸಿದರು. ನಾನೇ ಮೈಕಿಗೆ ಬಗ್ಗಿ, ಬರಬೇಕಾದ ರೈಲನ್ನು ಹೇಳಿ ಮುಗಿಸಿದೆ. ಅವರು ಮೈಕನ್ನೂ ಆರಿಸಿ ಹೊರಗೆ ಹೋದರು. ಆಗ ಮಗಳು ನನ್ನ ಸೆರಗು ಹಿಡಿದು, ಚಿಕ್ಕವಳಿದ್ದಾಗ ಕಥೆ ಹೇಳು ಎಂದು ಕೇಳುತ್ತಿದ್ದ ದನಿಯಲ್ಲಿ, "ಅಮ್ಮ, ಇನ್ನೊಂದ್ ಸಲ" ಎಂದಳು.

ಇನ್ನೊಂದು ಸಲ ಹಾಡಿದೆ. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಆಗ ಎಲ್ಲೂ ಒಡೆಯಲಿಲ್ಲ.

ಇಷ್ಟೇ ವಿಷಯ,
ಮೆಣಸು